ದೆವ್ವ ಕಾಣಿಸದ ದೆವ್ವದ ಸಿನಿಮಾ

1963ರಲ್ಲಿ ಬಂದ 'ದಿ ಹಾಂಟಿಂಗ್' ಸಿನಿಮಾದಲ್ಲಿ ಒಂದೇ ಒಂದು ದೆವ್ವವೂ ಕಣ್ಣಿಗೆ ಬೀಳುವುದಿಲ್ಲ. ಸುಮಾರು 112 ನಿಮಿಷದ ಈ ಚಿತ್ರದಲ್ಲಿ ಬಿಳಿ ಸೀರೆ ಉಟ್ಟವಳಿಲ್ಲ, ಕೋರೆಹಲ್ಲಿಲ್ಲ. ಇರುವುದು ಒಂದು ಹಳೇ ಬಂಗಲೆ, ಅದರೊಳಗೆ ನಾಲ್ಕು ಜನ, ಮತ್ತೆ ಸದ್ದು. ಆದರೂ ಅರವತ್ತು ವರ್ಷಗಳಿಂದ ಜನ ಇದನ್ನು ನೋಡಿ ಹೆದರುತ್ತಲೇ ಇದ್ದಾರೆ.

ಇದು ಹೇಗೆ ಸಾಧ್ಯ? ನಿರ್ದೇಶಕ ರಾಬರ್ಟ್ ವೈಸ್ ನಮ್ಮ ಕಣ್ಣಿಗೂ ಕಿವಿಗೂ ಅರ್ಧ ಮಾಹಿತಿಯನ್ನಷ್ಟೇ ಕೊಡುತ್ತಾರೆ. ಉಳಿದರ್ಧವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಆ ಅರ್ಧ ಮಾಹಿತಿಯನ್ನು ಅವರು ಎಷ್ಟು ಜಾಣತನದಿಂದ ತಯಾರಿಸಿದರು ಅನ್ನುವುದೇ ನನಗೆ ಈ ಚಿತ್ರದ ನಿಜವಾದ ಬೆರಗು.

ಮೊದಲು ಮನೆಯನ್ನೇ ನೋಡೋಣ. ಶರ್ಲಿ ಜಾಕ್ಸನ್ 1959ರಲ್ಲಿ ಬರೆದ ಕಾದಂಬರಿ ಈ ಚಿತ್ರಕ್ಕೆ ಮೂಲ. ಕತೆ ನಡೆಯುವುದು ಅಮೆರಿಕದ ನ್ಯೂ ಇಂಗ್ಲೆಂಡ್‌ನಲ್ಲಿ, ಚಿತ್ರೀಕರಣ ನಡೆದದ್ದು ಇಂಗ್ಲೆಂಡಿನಲ್ಲಿ. ಹೊರಗಿನ ದೃಶ್ಯಗಳಲ್ಲಿ ಕಾಣುವುದು ವಾರ್ವಿಕ್‌ಶೈರ್‌ನ ಎಟಿಂಗ್ಟನ್ ಪಾರ್ಕ್ ಎಂಬ ಬಂಗಲೆ. ಈಗ ಅದೊಂದು ಹೋಟೆಲ್. ಹಗಲಿನಲ್ಲಿ ನೋಡಿದರೆ ಚೆಂದದ ಕಲ್ಲಿನ ಕಟ್ಟಡ, ಹೆದರುವಂಥದ್ದೇನಿಲ್ಲ. ಅದನ್ನು ಭಯಂಕರವಾಗಿಸಲು ವೈಸ್ ಕೆಲವು ಹೊರಾಂಗಣ ದೃಶ್ಯಗಳಿಗೆ ಇನ್‌ಫ್ರಾರೆಡ್ ಫಿಲ್ಮ್ ಬಳಸಿದರು.

ಇಲ್ಲಿನ ಭೌತಶಾಸ್ತ್ರ ಬಹಳ ಸೊಗಸಾಗಿದೆ. ನಮ್ಮ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕು. ಇನ್‌ಫ್ರಾರೆಡ್ ಫಿಲ್ಮ್ ಕೆಂಪನ್ನೂ ದಾಟಿ, ಅದರಾಚೆಯ ಬೆಳಕನ್ನು ಹಿಡಿಯುತ್ತದೆ. ಇದು ಬಿಸಿಯನ್ನು ತೋರಿಸುವ ಕ್ಯಾಮೆರಾ ಅಲ್ಲ. ವಸ್ತುಗಳಿಗೆ ಬಡಿದು ವಾಪಸ್ ಬರುವ ಬಿಸಿಲಿನಲ್ಲೇ ಇರುವ, ನಮಗೆ ಕಾಣದ ಭಾಗ ಇದಕ್ಕೆ ಕಾಣುತ್ತದೆ, ಅಷ್ಟೆ. ನೀಲಿ ಆಕಾಶವನ್ನು ತೆಗೆದುಕೊಳ್ಳಿ. ಗಾಳಿಯ ಅಣುಗಳು ಸಣ್ಣ ತರಂಗಾಂತರದ ಬೆಳಕನ್ನು ಜಾಸ್ತಿ ಚದುರಿಸುತ್ತವೆ. ತರಂಗಾಂತರ ಎರಡರಷ್ಟಾದರೆ ಚದುರುವಿಕೆ ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ 800 ನ್ಯಾನೋಮೀಟರ್ ಹತ್ತಿರದ ಬೆಳಕಿನಲ್ಲಿ ತಿಳಿಯಾದ ಹಗಲಿನ ಆಕಾಶವೂ ಹೆಚ್ಚುಕಡಿಮೆ ಕಪ್ಪಗೆ ಕಾಣುತ್ತದೆ. ಮೋಡಗಳು ಮಾತ್ರ ಬೆಳ್ಳಗೆ ಎದ್ದು ನಿಲ್ಲುತ್ತವೆ.

ಎಲೆಗಳದ್ದು ಇನ್ನೊಂದು ಕತೆ. ಎಲೆಯ ಹಸಿರಿಗೆ ಕಾರಣವಾದ ಕ್ಲೋರೋಫಿಲ್ ಕೆಂಪು ಮತ್ತು ನೀಲಿ ಬೆಳಕನ್ನು ಹೀರುತ್ತದೆ, ಇನ್‌ಫ್ರಾರೆಡ್ ಬೆಳಕನ್ನು ಹಾಗೇ ಬಿಟ್ಟುಬಿಡುತ್ತದೆ. ಎಲೆಯೊಳಗಿನ ಕೋಶಗಳು ಮತ್ತು ಅವುಗಳ ನಡುವಿನ ಗಾಳಿಯ ಸಂದುಗಳು ಆ ಬೆಳಕನ್ನು ಚದುರಿಸಿ ಹೊರಗೆ ಕಳಿಸುತ್ತವೆ. ಆದ್ದರಿಂದ ಮರಗಿಡಗಳೆಲ್ಲ ಹಿಮ ಸುರಿದ ಹಾಗೆ ಬೆಳ್ಳಗಾಗುತ್ತವೆ. ಅಮೆರಿಕದ ವಿಜ್ಞಾನಿ ರಾಬರ್ಟ್ ವುಡ್ ಇಂಥ ಫೋಟೋಗಳನ್ನು 1910ರಲ್ಲೇ ಪ್ರಕಟಿಸಿದ್ದರು. ಇವತ್ತು ಇಸ್ರೋದ ದೂರಸಂವೇದಿ ಉಪಗ್ರಹಗಳು ಬೆಳೆ ಎಷ್ಟು ಸೊಂಪಾಗಿದೆ ಎಂದು ಅಳೆಯುವುದೂ ಎಲೆಗಳ ಇದೇ ಗುಣದಿಂದ. ಗದ್ದೆಯ ಆರೋಗ್ಯ ಹೇಳುವ ಬೆಳಕೇ ಒಂದು ಬಂಗಲೆಗೆ ಪ್ರೇತಕಳೆ ತಂದಿತು ಅನ್ನುವುದು ನನಗೆ ತುಂಬಾ ಇಷ್ಟವಾದ ಸಂಗತಿ.

ನೋಡುವವರಿಗೆ ಇದ್ಯಾವುದೂ ಗೊತ್ತಿರಬೇಕಾಗಿಲ್ಲ. ಹಗಲೋ ರಾತ್ರಿಯೋ ಹೇಳಲಾಗದ ಒಂದು ಬೆಳಕು ಕಾಣುತ್ತದೆ. ಏನೋ ಸರಿಯಿಲ್ಲ ಅನ್ನಿಸುತ್ತದೆ. ಅಷ್ಟು ಸಾಕು.

ಮನೆಯ ಒಳಗಿನ ಕೆಲಸವನ್ನು ಲೆನ್ಸ್ ಮಾಡಿತು. ಈ ಮನೆಯಲ್ಲಿ ಒಂದು ಮೂಲೆಯೂ ನೇರವಾಗಿಲ್ಲ, ಎಲ್ಲ ಕೋನಗಳೂ ಚೂರುಚೂರು ತಪ್ಪಿವೆ ಎಂದು ಕತೆ ಹೇಳುತ್ತದೆ. ಅದನ್ನು ತೋರಿಸಲು ವೈಸ್‌ಗೆ ತುಂಬಾ ಅಗಲ ನೋಟದ ಲೆನ್ಸ್ ಬೇಕಿತ್ತು. ಪ್ಯಾನಾವಿಷನ್ ಕಂಪನಿಯ ಬಳಿ 30 ಮಿಲಿಮೀಟರ್‌ನ ಒಂದು ಲೆನ್ಸ್ ತಯಾರಾಗುತ್ತಿತ್ತು. ಆದರೆ ಅದು ನೇರ ಗೆರೆಗಳನ್ನು ಬಾಗಿಸುತ್ತಿತ್ತು, ಇನ್ನೂ ಬಳಕೆಗೆ ಸಿದ್ಧವಿರಲಿಲ್ಲ. ವೈಸ್‌ಗೆ ಬೇಕಾಗಿದ್ದದ್ದೂ ಆ ದೋಷವೇ! ಲೆನ್ಸ್ ಸರಿಯಿಲ್ಲ ಎಂಬುದು ತನಗೆ ಗೊತ್ತಿದೆ ಎಂದು ಬರೆದು ಸಹಿ ಹಾಕಿಕೊಟ್ಟು ಅವರು ಅದನ್ನು ಪಡೆದರು. ಹುಟ್ಟಿದಾಗಿನಿಂದ ಗೋಡೆ, ಬಾಗಿಲು, ಕಿಟಕಿಗಳನ್ನು ನೋಡುತ್ತಾ ಬೆಳೆದ ನಮ್ಮ ಮಿದುಳಿಗೆ ಅವು ನೆಟ್ಟಗಿರಬೇಕೆಂಬ ಲೆಕ್ಕ ಗಟ್ಟಿಯಾಗಿ ಕೂತಿದೆ. ಕಂಬವೊಂದು ಸ್ವಲ್ಪ ಬಾಗಿದರೂ ಲೆಕ್ಕ ತಪ್ಪುತ್ತದೆ. ಎಲ್ಲಿ ತಪ್ಪಿತು ಎಂದು ಹುಡುಕುವಷ್ಟರಲ್ಲಿ ದೃಶ್ಯ ಬದಲಾಗಿರುತ್ತದೆ.

ಕಪ್ಪು ಬಿಳುಪು ಕೂಡ ಅನಿವಾರ್ಯತೆ ಅಲ್ಲ, ಆಯ್ಕೆ. ಎರಡೇ ವರ್ಷ ಹಿಂದೆ ವೈಸ್ 'ವೆಸ್ಟ್ ಸೈಡ್ ಸ್ಟೋರಿ'ಯನ್ನು ಬಣ್ಣದಲ್ಲಿ ಮಾಡಿದ್ದರು. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋನ್ ಕೋಶಗಳು ಸುಮಾರು 60 ಲಕ್ಷ, ಮಂದ ಬೆಳಕಿನಲ್ಲಿ ದುಡಿಯುವ ರಾಡ್ ಕೋಶಗಳು ಸುಮಾರು 12 ಕೋಟಿ. ರಾಡ್‌ಗಳಿಗೆ ಬಣ್ಣ ತಿಳಿಯದು. ಕತ್ತಲಲ್ಲಿ ನಾವೆಲ್ಲ ನೋಡುವುದು ಕಪ್ಪು ಬಿಳುಪು ಲೋಕವನ್ನೇ. ಇನ್ನೊಂದು ವಿಷಯವೂ ಇದೆ. ನೆಟ್ಟ ನೋಟ ಬೀಳುವ ಕಣ್ಣಿನ ನಟ್ಟನಡುವಿನ ಚುಕ್ಕೆಯಲ್ಲಿ ರಾಡ್‌ಗಳೇ ಇಲ್ಲ. ಹಾಗಾಗಿ ಕತ್ತಲಲ್ಲಿ ಓರೆಗಣ್ಣಿಗೆ ಏನೋ ಕಂಡು, ತಿರುಗಿ ನೋಡಿದರೆ ಮಾಯವಾಗುವುದು ಸುಳ್ಳಲ್ಲ. ಪರದೆಯ ಬೆಳಕಿನಲ್ಲಿ ಕೋನ್‌ಗಳೂ ಕೆಲಸ ಮಾಡುತ್ತಿರುತ್ತವೆ, ನಿಜ. ಆದರೂ ಕಪ್ಪು ಬಿಳುಪಿನ ಮಬ್ಬು ನಮಗೆ ಪರಿಚಿತ ರಾತ್ರಿಯ ನೋಟಕ್ಕೆ ಹತ್ತಿರವಾದದ್ದು.

ಈಗ ಗೋಡೆಯ ದೃಶ್ಯ. ರಾತ್ರಿ ಎಲಿನಾರ್ ಹಾಸಿಗೆಯಲ್ಲಿದ್ದಾಳೆ. ಜೂಲಿ ಹ್ಯಾರಿಸ್ ಮಾಡಿದ ಪಾತ್ರ ಇದು. ಗೋಡೆಯಾಚೆ ಯಾರೋ ಗೊಣಗುವ ಸದ್ದು. ಕ್ಯಾಮೆರಾ ಗೋಡೆಯ ಉಬ್ಬು ಚಿತ್ತಾರವನ್ನೇ ನೋಡುತ್ತಾ ನಿಲ್ಲುತ್ತದೆ. ನಿಧಾನಕ್ಕೆ ಆ ಬಳ್ಳಿ ಎಲೆಗಳ ನಡುವೆ ನಮಗೊಂದು ಮುಖ ಕಾಣತೊಡಗುತ್ತದೆ. ಅಲ್ಲಿರುವುದು ನೆರಳು, ಬೆಳಕು ಮಾತ್ರ. ಮಿದುಳಿನಲ್ಲಿ ಮುಖಗಳಿಗಾಗಿಯೇ ಚುರುಕಾಗುವ ಒಂದು ಭಾಗವಿದೆ. ಮುಖದಂತೆ ಕಾಣುವ ವಸ್ತುಗಳನ್ನು ತೋರಿಸಿದಾಗಲೂ ಅದು ಸೆಕೆಂಡಿನ ಆರನೇ ಒಂದು ಭಾಗದಲ್ಲೇ ಸ್ಪಂದಿಸುತ್ತದೆ ಎಂದು 2009ರ ಒಂದು ಅಧ್ಯಯನ ತೋರಿಸಿತು. ಅಂದರೆ ನಾವು ಯೋಚಿಸಿ ಮುಖ ಕಟ್ಟುವುದಲ್ಲ, ಯೋಚನೆಗೂ ಮುಂಚೆ ಮುಖ ಬಂದು ಕೂತಿರುತ್ತದೆ. ಅದೇ ದೃಶ್ಯದಲ್ಲಿ ಎಲಿನಾರ್ ಗೆಳತಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದೇನೆ ಅಂದುಕೊಂಡಿರುತ್ತಾಳೆ. ದೀಪ ಹತ್ತಿದಾಗ ಗೆಳತಿ ಕೋಣೆಯ ಇನ್ನೊಂದು ಬದಿಯಲ್ಲಿ ಮಲಗಿರುತ್ತಾಳೆ. ಹಿಡಿದಿದ್ದು ಯಾರ ಕೈ ಅನ್ನುವುದನ್ನು ಚಿತ್ರ ಕೊನೆಗೂ ಹೇಳುವುದಿಲ್ಲ.

ಸದ್ದಿನ ವಿಷಯಕ್ಕೆ ಬಂದರೆ, ಬಾಗಿಲು ಬಡಿಯುವ ದೃಶ್ಯವೇ ಈ ಚಿತ್ರದ ಶಿಖರ. ಇಬ್ಬರು ಹೆಂಗಸರು ಮಂಚದ ಮೇಲೆ ಮುದುಡಿದ್ದಾರೆ. ದೂರದಿಂದ ದಢ್, ದಢ್ ಎಂಬ ಸದ್ದು ಹತ್ತಿರ ಬರುತ್ತದೆ. ವೈಸ್ ಸದ್ದುಗಳನ್ನು ಮೊದಲೇ ಧ್ವನಿಮುದ್ರಿಸಿ ಸೆಟ್‌ನಲ್ಲಿ ಕೇಳಿಸಿದ್ದರು. ನಟಿಯರ ಮುಖದಲ್ಲಿ ಕಾಣುವುದು ನಿಜಕ್ಕೂ ಕೇಳಿದ ಸದ್ದಿಗೆ ಬಂದ ಪ್ರತಿಕ್ರಿಯೆ. ಮನೆಯೊಳಗೆ ಸದ್ದು ಗೋಡೆಗಳಿಗೆ ಬಡಿದು ಎಲ್ಲ ಕಡೆಯಿಂದ ಬರುವುದರಿಂದ ಅದರ ಮೂಲ ಹಿಡಿಯುವುದು ಕಿವಿಗೆ ಕಷ್ಟ. ಅದೂ ಸಾಲದು ಎಂಬಂತೆ, ಏರುತ್ತಾ ಬರುವ ಸದ್ದನ್ನು ನಾವು ಇರುವುದಕ್ಕಿಂತ ಜಾಸ್ತಿ ಏರಿತು ಎಂದು ಅಂದಾಜಿಸುತ್ತೇವೆ. ಇಳಿಯುವ ಸದ್ದಿಗೆ ಅಷ್ಟು ಬೆಲೆ ಕೊಡುವುದಿಲ್ಲ. ಜಾನ್ ನ್ಯೂಹಾಫ್ ಎಂಬ ಮನಶ್ಶಾಸ್ತ್ರಜ್ಞ 1998ರಲ್ಲಿ ಇದನ್ನು ತೋರಿಸಿದರು. ಹತ್ತಿರ ಬರುತ್ತಿರುವುದು ಅಪಾಯವಿರಬಹುದು, ದೂರ ಹೋಗುತ್ತಿರುವುದರಿಂದ ತೊಂದರೆ ಕಡಿಮೆ ಅಲ್ವಾ? ಮುಂದೆ ಬಾಗಿಲೊಂದು ಉಸಿರಾಡುವಂತೆ ಉಬ್ಬುವ ದೃಶ್ಯವೂ ಬರುತ್ತದೆ. ತೆಳು ಮರದ ಪದರಗಳಿಂದ ಮಾಡಿದ ಬಾಗಿಲನ್ನು ಹಿಂದಿನಿಂದ ಒಬ್ಬ ಕೆಲಸಗಾರ ತಳ್ಳುತ್ತಿದ್ದ, ಅಷ್ಟೇ.

ಬಾಗಿಲಾಚೆ ಏನಿದೆ ಎಂದು ತೋರಿಸದಿದ್ದರೆ ಭಯ ಏಕೆ ಹೆಚ್ಚಬೇಕು? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ನೆನಪಾಗುತ್ತದೆ. 45 ಜನ ಕಂಪ್ಯೂಟರ್ ಆಟದಲ್ಲಿ ಕಲ್ಲುಗಳ ಕೆಳಗೆ ಹಾವಿದೆಯೇ ಎಂದು ಊಹಿಸಬೇಕಿತ್ತು. ಹಾವು ಬಂದರೆ ಕೈಗೆ ನೋವಾಗುವ ಸಣ್ಣ ಶಾಕ್. ಬೆವರು, ಕಣ್ಣಿನ ಪಾಪೆಗಳನ್ನು ಅಳೆದಾಗ ಒತ್ತಡ ಅತಿ ಹೆಚ್ಚಿದ್ದದ್ದು ಶಾಕ್ ಖಂಡಿತ ಎಂದು ಗೊತ್ತಿದ್ದಾಗ ಅಲ್ಲ, ಬರುವ ಸಾಧ್ಯತೆ ಅರ್ಧಕ್ಕರ್ಧ ಇದ್ದಾಗ. ಬಾಗಿಲು ತೆರೆಯದೆ ವೈಸ್ ನಮ್ಮನ್ನು ಆ ಅರ್ಧಕ್ಕರ್ಧದಲ್ಲೇ ನಿಲ್ಲಿಸುತ್ತಾರೆ.

1999ರಲ್ಲಿ ಇದೇ ಕತೆ ಬಣ್ಣದಲ್ಲಿ, ದೊಡ್ಡ ಖರ್ಚಿನಲ್ಲಿ ಮತ್ತೆ ಸಿನಿಮಾ ಆಯಿತು. ಅದರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್‌ನ ಪ್ರೇತಗಳು ಎದುರಿಗೇ ಬರುತ್ತವೆ, ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ. ವಿಮರ್ಶಕರು ಅದನ್ನು ಮೆಚ್ಚಲಿಲ್ಲ. ನನಗೂ ಅದನ್ನು ನೋಡುವಾಗ ಒಮ್ಮೆಯೂ ಹೆದರಿಕೆ ಆಗಲಿಲ್ಲ.