ಹಣ್ಣಿನ ಮರದ ಬುಡಕ್ಕೆ ಯಾವ ಮುಚ್ಚಿಗೆ?

ಮುಚ್ಚಿಗೆ ಅಂದರೆ ಬುಡದ ಮಣ್ಣಿನ ಮೇಲೆ ಹರಡುವ ಹುಲ್ಲು, ತರಗೆಲೆ, ಕಡ್ಡಿಗಳ ಹೊದಿಕೆ (ಮಲ್ಚ್). ವರ್ಷ ಹಳೆಯದಾದ ಮುಚ್ಚಿಗೆಯನ್ನು ಒಮ್ಮೆ ಕೈಯಲ್ಲೇ ಸರಿಸಿ ನೋಡಿ. ಮೇಲಿನ ಕಡ್ಡಿಗಳು ಒಣಗಿರುತ್ತವೆ. ಎರಡು ಬೆರಳು ಕೆಳಗೆ ಹೋದರೆ ತೇವ. ಇನ್ನೂ ಕೆಳಗೆ ಕಟ್ಟಿಗೆ ಚೂರುಗಳನ್ನು ಒಂದಕ್ಕೊಂದು ಹೊಲಿದ ಹಾಗೆ ಬಿಳಿ ಎಳೆಗಳು. ಅದು ಶಿಲೀಂಧ್ರ. ಮಣ್ಣು ಶುರುವಾಗುವಲ್ಲಿ ಕೂದಲೆಳೆಯಂಥ ಬೇರುಗಳೂ ಸಿಗುತ್ತವೆ. ಮರದ ಬೇರು ಊಟ ಹುಡುಕಿಕೊಂಡು ಅಲ್ಲಿಗೇ ಬಂದಿರುತ್ತದೆ!

ಮುಚ್ಚಿಗೆ ತೇವ ಕಾಯುತ್ತದೆ, ಕಳೆ ತಡೆಯುತ್ತದೆ. ಅದು ಎಲ್ಲರಿಗೂ ಗೊತ್ತು. ಆದರೆ ಆರಿಸುವಾಗ ಅದನ್ನು ಊಟ ಅಂತ ನೋಡಬೇಕು. ಯಾರು ತಿನ್ನುತ್ತಾರೆ, ಎಷ್ಟು ದಿನಕ್ಕೆ ಮುಗಿಸುತ್ತಾರೆ ಅನ್ನೋದು ಮುಖ್ಯ.

ಹಸಿ ಹುಲ್ಲಿನಲ್ಲಿ 1 ಪಾಲು ಸಾರಜನಕಕ್ಕೆ ಸುಮಾರು 20 ಪಾಲು ಇಂಗಾಲ ಇರುತ್ತದೆ. ಬ್ಯಾಕ್ಟೀರಿಯಾಗಳಿಗೆ ಇದು ಹಬ್ಬದೂಟ. ಬೇಗ ಕರಗಿಹೋಗುತ್ತದೆ. ದಪ್ಪಗೆ ಸುರಿದರೆ ಮಾತ್ರ ಬಿಸಿಯೇರಿ, ಲೋಳೆಯಾಗಿ ನಾರುತ್ತದೆ. ಒಣಹುಲ್ಲಿನಲ್ಲಿ ಇಂಗಾಲ ಸುಮಾರು 80 ಪಾಲು, ಮರದ ಹೊಟ್ಟಿನಲ್ಲಿ ನೂರಾರು ಪಾಲು. ಅಷ್ಟು ಇಂಗಾಲ ತಿಂದು ಮುಗಿಸಲು ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೂ ಬಳಸಿಕೊಳ್ಳುತ್ತವೆ. ಅದಕ್ಕೇ ‘ಕಟ್ಟಿಗೆ ಹಾಕಿದರೆ ಸಾರಜನಕ ಹೀರಿಕೊಳ್ಳುತ್ತದೆ’ ಎಂಬ ಭಯ. ಮಣ್ಣಿಗೆ ಬೆರೆಸಿದರೆ ಆ ಭಯ ಸರಿಯೇ. ಮೇಲೆ ಸುಮ್ನೆ ಹರಡಿದರೆ ಕೊರತೆ ಆಗುವುದು ಮಣ್ಣಿಗೆ ತಾಗುವ ತೆಳುಪದರದಲ್ಲಷ್ಟೇ. ಬೇರುಬಿಟ್ಟು ನಿಂತ ಮರಕ್ಕೆ ಅದರಿಂದ ತೊಂದರೆ ಇಲ್ಲ. ಹಾಗಾಗಿ ಅಗೆದು ಸೇರಿಸಬೇಡಿ, ಹರಡಿ ಬಿಡಿ.

ನನ್ನನ್ನು ಕೇಳಿದರೆ, ಸಣ್ಣ ಕೊಂಬೆಗಳ ಚೂರೇ ಎಲ್ಲಕ್ಕಿಂತ ಒಳ್ಳೆಯದು. ಕೆನಡಾದ ಲಾವಾಲ್ ವಿಶ್ವವಿದ್ಯಾಲಯದಲ್ಲಿ ಜಿಲ್ ಲೆಮಿಯೂ ಮತ್ತು ಸಂಗಡಿಗರು 7 ಸೆಂಟಿಮೀಟರಿಗಿಂತ ಕಡಿಮೆ ದಪ್ಪದ ಕೊಂಬೆಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಮರದ ಪೋಷಕಾಂಶ ಜಾಸ್ತಿ ಇರುವುದು ದಪ್ಪ ಕಾಂಡದ ತಿರುಳಿನಲ್ಲಲ್ಲ. ತೊಗಟೆ, ಮೊಗ್ಗು, ಎಳೆ ಕಡ್ಡಿಗಳಲ್ಲಿ. ಅಂಥ ಕಡ್ಡಿಯನ್ನು ಶಿಲೀಂಧ್ರಗಳು ನಿಧಾನಕ್ಕೆ ಮುರಿಯುತ್ತವೆ. ಮರಕ್ಕೂ ಊಟ ಸ್ವಲ್ಪ ಸ್ವಲ್ಪವೇ ಸಿಗುತ್ತದೆ. ಹೊಟ್ಟಿನ ಹಾಗೆ ಹೆಪ್ಪುಗಟ್ಟಿ ನೀರನ್ನು ತಡೆಯುವುದೂ ಇಲ್ಲ. ಕೊಂಬೆ ಸಿಗದಿದ್ದರೆ ತರಗೆಲೆ ಆಗುತ್ತದೆ. ಪ್ಲಾಸ್ಟಿಕ್ ಹಾಳೆ ಕಳೆ ತಡೆಯಬಹುದು, ಆದರೆ ಅದರಲ್ಲಿ ಯಾರಿಗೂ ಊಟವಿಲ್ಲ.

ಹಸಿ ಹುಲ್ಲನ್ನು ತೆಳುವಾಗಿ ಹರಡಿ; ಉಳಿದದ್ದು ಯಾವುದೇ ಇರಲಿ, 7ರಿಂದ 10 ಸೆಂಟಿಮೀಟರ್ ದಪ್ಪ ಸಾಕು. ಕೊಂಬೆಗಳು ಚಾಚಿರುವಷ್ಟು ಅಗಲ ಹರಡಿ, ಕಾಂಡದ ಸುತ್ತ ಮಾತ್ರ ಒಂದು ಗೇಣು ಬಯಲು ಬಿಡಿ. ಬುಡಕ್ಕೆ ಗುಡ್ಡೆ ಹಾಕಿದ ಮರ ನೋಡಿದರೆ ನನಗೆ ಸಂಕಟವಾಗುತ್ತದೆ. ತೊಗಟೆ ಸದಾ ಒದ್ದೆಯಾಗಿದ್ದರೆ ಫೈಟಾಫ್ತೊರಾದಂಥ ರೋಗಾಣುಗಳು ಬುಡವನ್ನೇ ಕೊಳೆಸುತ್ತವೆ, ಅಲ್ವಾ?

ಒಣಹುಲ್ಲು ಹೊರಗಿಂದ ತರುತ್ತಿದ್ದರೆ ಇನ್ನೊಂದು ಎಚ್ಚರ. ಕೆಲವು ಕಳೆನಾಶಕಗಳು ಹುಲ್ಲಿನಲ್ಲೇ ತಿಂಗಳುಗಟ್ಟಲೆ ಉಳಿಯುತ್ತವೆ. ದನ ತಿಂದರೆ ಸಗಣಿಯಲ್ಲೂ ಬರುತ್ತವೆ. ಎರಡು ಕುಂಡ ತೆಗೆದುಕೊಳ್ಳಿ. ಒಂದರ ಮಣ್ಣಿಗೆ ಆ ಹುಲ್ಲನ್ನು ಕತ್ತರಿಸಿ ಬೆರೆಸಿ, ಇನ್ನೊಂದರಲ್ಲಿ ಬರೀ ಮಣ್ಣಿರಲಿ. ಎರಡರಲ್ಲೂ ಹುರುಳಿಕಾಯಿ ಬೀಜ ಊರಿ, ಎರಡು ಮೂರು ವಾರ ಕಾಯಿರಿ. ಹುಲ್ಲಿದ್ದ ಕುಂಡದಲ್ಲಷ್ಟೇ ಹೊಸ ಎಲೆ ಬಟ್ಟಲಿನಂತೆ ಮುದುಡಿ ತಿರುಚಿಕೊಂಡರೆ, ಆ ಹುಲ್ಲನ್ನು ಮರದ ಹತ್ತಿರ ತರಬೇಡಿ.