ನೀಲಿ ಬಾಂಟಮ್ ಕೋಳಿ: ಯಾವ ಜೋಡಿಗೆ ಯಾವ ಬಣ್ಣದ ಮರಿ?

ನೀಲಿ ಹುಂಜ, ನೀಲಿ ಹ್ಯಾಟೆ ತಂದು ಜೋಡಿ ಮಾಡಿದರೆ ಮರಿಗಳೆಲ್ಲ ನೀಲಿ ಬರಬೇಕು, ಅಲ್ವಾ? ಬರುವುದಿಲ್ಲ. ಬಣ್ಣಕ್ಕಾಗಿ ಬಾಂಟಮ್ (ಗಿಡ್ಡ ಜಾತಿಯ ಕೋಳಿ) ಸಾಕುವವರು ಮೊದಲು ತಲೆ ಕೆಡಿಸಿಕೊಳ್ಳುವುದು ಇಲ್ಲೇ. ಅದಕ್ಕೇ ಈ ಟಿಪ್ಪಣಿಯಲ್ಲಿ ನೀಲಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಕೋಳಿ ಸಾಕುವವರು ನೀಲಿ ಎನ್ನುವುದು ಸ್ಲೇಟಿನಂಥ ಬೂದು ಬಣ್ಣಕ್ಕೆ.

ಈ ನೀಲಿ ಬಣ್ಣ ಬರುವುದೂ ಬಿಡುವುದೂ ಒಂದು ಜೀನಿನಿಂದ. ಮರಿಗೆ ಆ ಜೀನಿನ ಒಂದು ಪ್ರತಿ ತಂದೆಯಿಂದ, ಇನ್ನೊಂದು ತಾಯಿಯಿಂದ ಬರುತ್ತದೆ. ಮೂಲದಲ್ಲಿ ಕಪ್ಪಾಗಿರುವ ಕೋಳಿಯನ್ನೇ ತೆಗೆದುಕೊಳ್ಳಿ. ನೀಲಿ ಜೀನ್ ಇಲ್ಲದಿದ್ದರೆ ಅದು ಕಪ್ಪಾಗಿಯೇ ಉಳಿಯುತ್ತದೆ. ಒಂದು ಪ್ರತಿ ಇದ್ದರೆ ನೀಲಿ. ಎರಡೂ ಇದ್ದರೆ ಮಾಸಲು ಬಿಳಿ ಮೈ, ಅಲ್ಲಲ್ಲಿ ಬೂದು-ಕಪ್ಪು ಮಚ್ಚೆ. ಇದಕ್ಕೆ ಸ್ಪ್ಲ್ಯಾಶ್ ಎನ್ನುತ್ತಾರೆ. ಇಷ್ಟು ಗೊತ್ತಾದರೆ ಉಳಿದ ಲೆಕ್ಕ ಸುಲಭ:

ನೀಲಿ × ನೀಲಿ: ಅರ್ಧ ನೀಲಿ, ಕಾಲು ಭಾಗ ಕಪ್ಪು, ಕಾಲು ಭಾಗ ಸ್ಪ್ಲ್ಯಾಶ್
ನೀಲಿ × ಕಪ್ಪು: ಅರ್ಧ ನೀಲಿ, ಅರ್ಧ ಕಪ್ಪು
ನೀಲಿ × ಸ್ಪ್ಲ್ಯಾಶ್: ಅರ್ಧ ನೀಲಿ, ಅರ್ಧ ಸ್ಪ್ಲ್ಯಾಶ್
ಕಪ್ಪು × ಸ್ಪ್ಲ್ಯಾಶ್: ಎಲ್ಲವೂ ನೀಲಿ

ಕೊನೆಯ ಸಾಲು ನೋಡಿ. ಪೂರ್ತಿ ನೀಲಿ ಮರಿಗಳು ಬೇಕಾದರೆ ಜೋಡಿಯಲ್ಲಿ ಒಂದೂ ನೀಲಿ ಇರಬಾರದು! ಆಂಡಲೂಸಿಯನ್ ಎಂಬ ನೀಲಿ ತಳಿ ಸಾಕುತ್ತಿದ್ದ ಇಂಗ್ಲೆಂಡಿನವರು ಕಪ್ಪು, ಬಿಳಿ (ಅಂದರೆ ಸ್ಪ್ಲ್ಯಾಶ್) ಮರಿ ಬಂದಾಗಲೆಲ್ಲ ಅವನ್ನು ಕೆಟ್ಟವೆಂದು ತೆಗೆದುಹಾಕುತ್ತಿದ್ದರು. ಎಷ್ಟು ತೆಗೆದರೂ ಮತ್ತೆ ಅವೇ ಬರುತ್ತಿದ್ದವು. 1900ರ ನಂತರ ಕೇಂಬ್ರಿಡ್ಜಿನಲ್ಲಿ ವಿಲಿಯಂ ಬೇಟ್ಸನ್ ಮತ್ತು ರೆಜಿನಾಲ್ಡ್ ಪನ್ನೆಟ್ ಕೋಳಿಗಳ ಮೇಲೆ ಮೆಂಡಲ್ ನಿಯಮ (ತಂದೆ-ತಾಯಿಯ ಗುಣ ಮರಿಗೆ ಹೇಗೆ ಬರುತ್ತದೆ ಎಂಬ ಲೆಕ್ಕ) ಪರೀಕ್ಷಿಸಿದಾಗ ಕಾರಣ ಬಯಲಾಯಿತು. ತೆಗೆದುಹಾಕುತ್ತಿದ್ದ ಆ ಎರಡನ್ನೇ ಜೋಡಿ ಮಾಡಿದರೆ ಸಾಕಿತ್ತು. ಯಾವ ಜೋಡಿಗೆ ಎಂಥ ಮರಿ ಎಂದು ಲೆಕ್ಕ ಹಾಕಲು ನಾವು ಪಾಠದಲ್ಲಿ ಬರೆಯುವ ಚೌಕ ಇದೇ ಪನ್ನೆಟ್ ಅವರದು.

ಒಂದು ಎಚ್ಚರ. ಅರ್ಧ, ಕಾಲು ಅನ್ನುವುದು ನೂರಾರು ಮರಿಗಳ ಲೆಕ್ಕ. ಪ್ರತಿ ಮೊಟ್ಟೆಯೂ ಹೊಸದಾಗಿ ಚಿಮ್ಮಿದ ನಾಣ್ಯದ ಹಾಗೆ. ಬಾಂಟಮ್ ಹ್ಯಾಟೆ ಕಾವಿಗೆ ಕೂತು ಎಂಟು ಮರಿ ಮಾಡಿದರೆ ಅದರಲ್ಲಿ ಆರು ಕಪ್ಪು ಬಂದರೂ ಲೆಕ್ಕ ತಪ್ಪಿದೆ ಅಂತಲ್ಲ.

ಇನ್ನು ಲ್ಯಾವೆಂಡರ್. ಇದೂ ಬೂದು ಬಣ್ಣವೇ, ಸಂತೆಯಲ್ಲಿ ಎರಡನ್ನೂ ನೀಲಿ ಅಂತಲೇ ಮಾರಬಹುದು. ಆದರೆ ಜೀನ್ ಬೇರೆ. ಎರಡು ಪ್ರತಿ ಇದ್ದರೆ ಮಾತ್ರ ಈ ಬಣ್ಣ ಕಾಣುತ್ತದೆ. ಒಂದೇ ಇದ್ದರೆ ಕೋಳಿ ಕಪ್ಪಗೇ ಇರುತ್ತದೆ, ಜೀನ್ ಒಳಗೆ ಅಡಗಿರುತ್ತದೆ. ಹಾಗಾಗಿ ಲ್ಯಾವೆಂಡರ್ × ಲ್ಯಾವೆಂಡರ್ ಮಾಡಿದರೆ ಎಲ್ಲವೂ ಲ್ಯಾವೆಂಡರ್. ಲ್ಯಾವೆಂಡರ್ × ಕಪ್ಪು (ಈ ಜೀನ್ ಅಡಗಿರದ ಕಪ್ಪು) ಮಾಡಿದರೆ ಎಲ್ಲವೂ ಕಪ್ಪು, ಆ ಮರಿಗಳನ್ನೇ ಜೋಡಿ ಮಾಡಿದರೆ ಮುಂದಿನ ತಲೆಮಾರಿನಲ್ಲಿ ಬಣ್ಣ ಮತ್ತೆ ಮೇಲೆ ಬರುತ್ತದೆ. ಕೊಳ್ಳುವಾಗ ಹುಂಜದ ಕುತ್ತಿಗೆ ನೋಡಿ. ನೀಲಿ ಹುಂಜಕ್ಕೆ ಕುತ್ತಿಗೆ, ಬೆನ್ನಿನ ಗರಿ ಮೈಗಿಂತ ಕಪ್ಪಾಗಿರುತ್ತದೆ. ಲ್ಯಾವೆಂಡರ್ ತಲೆಯಿಂದ ಬಾಲದವರೆಗೆ ಒಂದೇ ಸಮ.

ಇನ್ನೊಂದು ವ್ಯತ್ಯಾಸವೂ ಇದೆ, ನನಗೆ ತುಂಬಾ ಇಷ್ಟವಾದದ್ದು. ನೀಲಿ ಜೀನ್ ಕಪ್ಪನ್ನು ಮಾತ್ರ ತಿಳಿಯಾಗಿಸುತ್ತದೆ, ಕೆಂಪನ್ನು ಮುಟ್ಟುವುದಿಲ್ಲ. ಲ್ಯಾವೆಂಡರ್ ಎರಡನ್ನೂ ತಿಳಿಯಾಗಿಸುತ್ತದೆ. ಬೆಲ್ಜಿಯಂನ ಡುಕ್ಲ್ ಬಾಂಟಮ್‌ನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅದರ ಮಿಲ್ ಫ್ಲರ್ ಬಣ್ಣದಲ್ಲಿ ಗರಿ ಕೆಂಗಂದು, ತುದಿಗೆ ಬಿಳಿ ಚುಕ್ಕೆ, ನಡುವೆ ಕಪ್ಪು ಪಟ್ಟಿ. ಅದಕ್ಕೆ ಲ್ಯಾವೆಂಡರ್ ಸೇರಿದರೆ ಕೆಂಗಂದು ಹುಲ್ಲಿನ ಬಣ್ಣಕ್ಕೆ ತಿರುಗಿ, ಕಪ್ಪು ಬೂದಾಗಿ, ಪೋರ್ಸಲೀನ್ ಎಂಬ ಬಣ್ಣ ಸಿಗುತ್ತದೆ.

ಪಟ್ಟೆ ಗರಿಯ ದಾರಿ ಮತ್ತೊಂದು. ಈ ಜೀನ್ ಗಂಡು-ಹೆಣ್ಣು ನಿರ್ಧರಿಸುವ ಝಡ್ ಕ್ರೋಮೋಸೋಮ್ (ಜೀನುಗಳನ್ನು ಹೊತ್ತ ಎಳೆ) ಮೇಲಿದೆ. ಹುಂಜಕ್ಕೆ ಝಡ್ ಎರಡು, ಹ್ಯಾಟೆಗೆ ಒಂದೇ. ಪಟ್ಟೆ ಹ್ಯಾಟೆಗೆ ಕಪ್ಪು ಹುಂಜ ಬಿಟ್ಟರೆ ತಾಯಿಯ ಝಡ್ ಗಂಡುಮರಿಗಳಿಗೆ ಮಾತ್ರ ಹೋಗುತ್ತದೆ. ಅವು ಮೊಟ್ಟೆ ಒಡೆದು ಬಂದಾಗಲೇ ನೆತ್ತಿಯ ಮೇಲೆ ಬಿಳಿ ಚುಕ್ಕೆ ಇರುತ್ತದೆ, ಹೆಣ್ಣುಮರಿಗಳಿಗೆ ಇರುವುದಿಲ್ಲ. ಜೋಡಿ ತಿರುವುಮುರುವಾದರೆ, ಅಂದರೆ ಶುದ್ಧ ಪಟ್ಟೆ ಹುಂಜ, ಕಪ್ಪು ಹ್ಯಾಟೆ ಆದರೆ, ಎಲ್ಲ ಮರಿಗೂ ಪಟ್ಟೆ. ಗಂಡು-ಹೆಣ್ಣು ಗುರುತಿಸುವ ಈ ಉಪಾಯ ಆಗ ನಡೆಯುವುದಿಲ್ಲ.

ಬಿಳಿ ಕೋಳಿಯನ್ನು ಬಣ್ಣದ ಪ್ರಯೋಗಕ್ಕೆ ತರಬೇಡಿ ಅನ್ನುವುದು ನನ್ನ ಅಭಿಪ್ರಾಯ. ಬಿಳಿ ಬೇರೆ ಬಣ್ಣಗಳನ್ನು ಮುಚ್ಚಿಡುತ್ತದೆ. ಒಳಗೇನಿದೆ ಅಂತ ಮರಿ ಬಂದ ಮೇಲೇ ತಿಳಿಯುವುದು.

ಹುಂಜ ಬದಲಿಸುವಾಗ ಅವಸರ ಬೇಡ. ಹಳೆ ಹುಂಜವನ್ನು ತೆಗೆದ ಮೇಲೂ ಹ್ಯಾಟೆಯ ದೇಹದಲ್ಲಿ ಅದರ ವೀರ್ಯ ಎರಡು-ಮೂರು ವಾರ ಉಳಿಯುತ್ತದೆ. ಸುಮಾರು ಒಂದು ತಿಂಗಳ ಮೊಟ್ಟೆಗಳನ್ನು ಅಡುಗೆಗೆ ಬಳಸಿ. ಕಾವಿಗೆ ಇಡುವುದು ಅದರ ನಂತರದ ಮೊಟ್ಟೆ. ಅದರ ಮೇಲೆ ಪೆನ್ಸಿಲ್‌ನಿಂದ ತಾಯಿಯ ಗುರುತು ಬರೆಯಿರಿ, 21 ದಿನದ ಮೇಲೆ ಮರಿಯ ಕಾಲಿಗೆ ಅದೇ ಗುರುತಿನ ಬಳೆ ಹಾಕಿ.