ನಾಲಿಗೆಯಡಿಯ ಒಳದಾರಿ

ಊಟ ಮುಗಿದ ಮೇಲೆ ತೀರ್ಥಹಳ್ಳಿ ಸೀಮೆಯ ಮನೆಗಳ ಜಗಲಿಗೆ ಕವಳದ ತಟ್ಟೆ ಬರುತ್ತದೆ. ಅಭ್ಯಾಸವಿಲ್ಲದ ನೆಂಟರೊಬ್ಬರು ದಾಕ್ಷಿಣ್ಯಕ್ಕೆ ಕಟ್ಟುಬಿದ್ದು, ಸುಣ್ಣ ಸವರಿದ ಎಲೆಯಲ್ಲಿ ಹಸಿ ಅಡಿಕೆಯ ಹೋಳಿಟ್ಟು ಜಗಿದರೆ, ಕೆಲವೇ ನಿಮಿಷಗಳಲ್ಲಿ ಅವರ ಕಿವಿ ಬಿಸಿಯಾಗಿ, ಹಣೆ ಬೆವರಿ, ತಲೆ ತಿರುಗತೊಡಗುತ್ತದೆ. ‘ಅಡಿಕೆ ಸೊಕ್ಕಿತು’ ಎಂದು ಮನೆಯವರು ನಗುತ್ತಾರೆ. ರಸ ಇನ್ನೂ ಗಂಟಲಿಗಿಳಿದಿರುವುದಿಲ್ಲ. ಆಗಲೇ ಅದು ತಲೆಗೇರಿದ್ದು ಹೇಗೆ?

ಅಡಿಕೆಯ ಸೊಕ್ಕಿಗೆ ಕಾರಣವಾದ ಅರೆಕೊಲಿನ್ ಎಂಬ ರಾಸಾಯನಿಕದ ಅಣುಗಳಲ್ಲಿ ಸಾಕಷ್ಟು ಪಾಲು ಲಾಲಾರಸದಲ್ಲಿ ವಿದ್ಯುದಂಶ ಹೊತ್ತಿರುತ್ತವೆ. ಜೀವಕೋಶಗಳ ಪೊರೆ ಮುಖ್ಯವಾಗಿ ಕೊಬ್ಬಿನಿಂದಾದದ್ದು. ಅಂಥ ಅಣುಗಳನ್ನು ಅದು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಕ್ಷಾರವಾದ ಸುಣ್ಣ ಬೆರೆತೊಡನೆ ಅವುಗಳ ವಿದ್ಯುದಂಶ ಕಳಚುತ್ತದೆ, ಅವು ಕೆನ್ನೆಯ ಒಳಪೊರೆಯನ್ನು ದಾಟಿ ನೇರವಾಗಿ ರಕ್ತ ಸೇರುತ್ತವೆ. (ಅದೇ ಸುಣ್ಣ ಒಂದಷ್ಟು ಅರೆಕೊಲಿನನ್ನು ಒಡೆದೂ ಹಾಕುವುದರಿಂದ ಲೆಕ್ಕ ಇಷ್ಟು ಸರಳವಲ್ಲ.)

ಹೃದ್ರೋಗಿಗಳ ಜೇಬಿನಲ್ಲಿರುವ ಸಾರ್ಬಿಟ್ರೇಟ್ ಮಾತ್ರೆ ಬಳಸುವುದೂ ಇದೇ ಒಳದಾರಿಯನ್ನು. ನಮ್ಮ ದೊಡ್ಡಪ್ಪ ಒಮ್ಮೆ ಎದೆ ಹಿಂಡಿದಾಗ ಅದನ್ನು ಬಿಸಿನೀರಿನ ಜೊತೆ ನುಂಗಿ, ನೋವು ಇಳಿಯಲಿಲ್ಲವೆಂದು ಮಾತ್ರೆಯನ್ನೇ ಬೈದಿದ್ದರು. ನುಂಗಿದ್ದು ಕರುಳಿನಲ್ಲಿ ಹೀರಲ್ಪಟ್ಟರೂ ಅಲ್ಲಿಂದ ಹೊರಟ ರಕ್ತ ಮೊದಲು ಯಕೃತ್ತನ್ನು ಹಾಯಲೇಬೇಕು, ಆ ಸುಂಕದ ಕಟ್ಟೆಯಲ್ಲಿ ಈ ಔಷಧದ ಬಹುಪಾಲು ಕರಗಿಹೋಗುತ್ತದೆ. ನಾಲಿಗೆಯಡಿ ಇಟ್ಟರೆ ಅಲ್ಲಿನ ರಕ್ತನಾಳಗಳು ಯಕೃತ್ತಿನ ಗೊಡವೆಯಿಲ್ಲದೆ ಅದನ್ನು ಹೃದಯದತ್ತ ಒಯ್ಯುತ್ತವೆ, ಕೆಲವು ನಿಮಿಷಗಳಲ್ಲೇ ಗುಣ ಕಾಣುತ್ತದೆ. ಈ ಮಾತ್ರೆಯ ಹಿರಿಯಣ್ಣನಂತಿರುವ ನೈಟ್ರೋಗ್ಲಿಸರಿನ್ ಎದೆನೋವಿಗೆ ಮದ್ದೆಂದು 1879ರಲ್ಲಿ ವರದಿ ಮಾಡಿದ ಲಂಡನ್ನಿನ ವೈದ್ಯ ವಿಲಿಯಂ ಮರೆಲ್, ಶೇಕಡಾ 1ರ ದ್ರಾವಣದಲ್ಲಿ ತೊಯ್ದ ಬಿರಡೆಗೆ ನಾಲಿಗೆ ತಾಗಿಸಿದ್ದಷ್ಟೇ. ಮೈಯೆಲ್ಲ ನಾಡಿ ಬಡಿದುಕೊಂಡ ಅನುಭವವನ್ನು ಆತನೇ ಬರೆದಿಟ್ಟಿದ್ದಾನೆ.

ಹಾಗೆಂದು ನುಂಗುವುದು ಕೀಳು ದಾರಿಯಲ್ಲ. ಮಡಿಕೆ ಮಡಿಕೆಯಾಗಿರುವ ಕರುಳಿನ ಒಳಮೈಯನ್ನು ಹರಡಿದರೆ ಸುಮಾರು 30 ಚದರ ಮೀಟರ್ ಆಗುತ್ತದೆ, ಪ್ಯಾರಾಸಿಟಮಾಲ್‌ನಂಥ ಔಷಧಗಳಿಗೆ ಅದು ಧಾರಾಳವಾಯಿತು. ಆದರೆ ದಾರಿಯಲ್ಲಿ ಜೊತೆಯಾಗುವ ಆಹಾರವನ್ನು ಗಮನಿಸಬೇಕು: ಮಳೆಗಾಲದಲ್ಲಿ ಗದ್ದೆಯ ನೀರಿನಿಂದ ಅಂಟುವ ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಹಾಲಿನ ಕ್ಯಾಲ್ಸಿಯಂಗೆ ಅಂಟಿಕೊಂಡು ಒಂದಷ್ಟು ಪಾಲು ಹೀರಲ್ಪಡದೆ ಹೊರಹೋಗುತ್ತದೆ. ನೀರು ಕಡಿಮೆಯಾಗಿ ಅನ್ನನಾಳದಲ್ಲೇ ಸಿಕ್ಕಿಕೊಂಡರೆ ಅಲ್ಲಿ ಹುಣ್ಣಾಗುವುದರಿಂದ, ಲೋಟ ತುಂಬ ನೀರು ಕುಡಿದು, ತಕ್ಷಣ ಮಲಗದೆ ಕೂತಿರಬೇಕು.

ಕರುಳಿಗೆ ಒಪ್ಪಿಸಲಾಗದ ಔಷಧಗಳೂ ಇವೆ. ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ ಕುದುರೆಯ ರಕ್ತದಿಂದ ತೆಗೆದ ಪ್ರೋಟೀನು. ಕುಡಿಸಿದರೆ ಜೀರ್ಣರಸಗಳು ಅದನ್ನೂ ತೊವ್ವೆಯ ಬೇಳೆಯನ್ನೂ ಒಂದೇ ಎಂದು ತಿಳಿದು ಚೂರುಮಾಡುತ್ತವೆ. ಆದ್ದರಿಂದ ಆಸ್ಪತ್ರೆಯಲ್ಲಿ ಬಾಟಲಿಯ ಒಣಪುಡಿಯನ್ನು ನೀರಿನಲ್ಲಿ ಕರಗಿಸಿ, ಡ್ರಿಪ್ ಮೂಲಕ ಅಭಿಧಮನಿಗೆ ಹನಿಸುತ್ತಾರೆ. ಕುದುರೆಯ ಪ್ರೋಟೀನು ಕೆಲವರಿಗೆ ತೀವ್ರ ಅಲರ್ಜಿ ತರಬಲ್ಲದಾದ್ದರಿಂದ ಪಕ್ಕದಲ್ಲೇ ಅಡ್ರಿನಾಲಿನ್ ಸಿರಿಂಜು ಸಿದ್ಧವಿರುತ್ತದೆ. ಅದನ್ನು ಮೊದಲು ಚುಚ್ಚುವುದು ರಕ್ತಸಂಚಾರ ಹೆಚ್ಚಿರುವ ತೊಡೆಯ ಸ್ನಾಯುವಿಗೆ, ಏಕೆಂದರೆ ಚರ್ಮದಡಿ ಚುಚ್ಚಿದರೆ ಅದು ರಕ್ತ ಸೇರುವುದು ತಡವಾಗುತ್ತದೆ.